ಬಣ್ಣದ ನಿಲುಗಡಿಯಾರವೂ ನಮ್ಮ ಮನೆಯೂ

ಮನೆಗೊಂದು ಗಡಿಯಾರ ಬೇಕೆಂಬ ಮಾತು ಈಗಿನ ಕಾಲದಲ್ಲಿ ಹಾಸ್ಯಾಸ್ಪದವಾಗಿ ತೋರಬಹುದು. ಪ್ರತಿಯೊಬ್ಬರ ಜೇಬಿನಲ್ಲಿರುವ ಮೊಬೈಲೇ ಕ್ಷಣಕ್ಷಣದ ಲೆಕ್ಕವನ್ನು ಒಪ್ಪಿಸುತ್ತಿರುವಾಗ, ಆಳೆತ್ತರದ ಮರದ ಪೆಟ್ಟಿಗೆಯೊಂದನ್ನು ಹಜಾರದ ಮೂಲೆಯಲ್ಲಿ ನಿಲ್ಲಿಸಿಕೊಂಡು, ವಾರಕ್ಕೊಮ್ಮೆ ಅದಕ್ಕೆ ಕೀಲಿ ಕೊಡುತ್ತಿರುವುದೇತಕ್ಕೆಂದು ಕೇಳುವವರುಂಟು. ಆದರೂ ಬೈಲಕುಪ್ಪೆ, ಪಿರಿಯಾಪಟ್ಟಣ, ಹುಣಸೂರುಗಳ ಕಡೆ ಹೊಸ ಮನೆ ಕಟ್ಟಿಸುವ ಗೃಹಸ್ಥರಲ್ಲಿ ಕೆಲವರು ಇಂಥ ಗಡಿಯಾರದ ಪ್ರಸ್ತಾಪವನ್ನೆತ್ತುವುದನ್ನು ನಾವು ಕೇಳಿದ್ದೇವೆ. ಪರದೇಶದಲ್ಲಿರುವ ಮಕ್ಕಳು ಚಿತ್ರ ಕಳುಹಿಸುತ್ತಾರೆ. ನಡು ಉಬ್ಬಿ, ಕೊರಳು ಸಣ್ಣದಾಗಿ, ತಿಳಿನೀಲಿಯನ್ನೋ ಬೂದುಬಿಳುಪನ್ನೋ ಬಳಿದುಕೊಂಡು ನಿಂತಿರುವ ಆ ಸ್ವೀಡನ್ನಿನ ಗಡಿಯಾರವನ್ನು ನೋಡಿ ಇಲ್ಲಿಯ ತಾಯಿತಂದೆಗಳಿಗೂ ಆಸೆ ಹುಟ್ಟುತ್ತದೆ. ಆಸೆ ತಪ್ಪಲ್ಲ. ಆದರೆ ಕೊಳ್ಳುವ ಮುನ್ನ ಆ ವಸ್ತುವಿನ ಕುಲಗೋತ್ರಗಳನ್ನು ವಿಚಾರಿಸಿಕೊಳ್ಳುವುದು ಯುಕ್ತವಷ್ಟೆ.

ಸ್ವೀಡನ್ ದೇಶದ ದಲಾರ್ನ ಪ್ರಾಂತದಲ್ಲಿ, ಸಿಲ್ಯಾನ್ ಎಂಬ ದೊಡ್ಡ ಸರೋವರದ ದಡದಲ್ಲಿ, ಮೋರಾ ಎಂಬ ಊರಿದೆ. ಅಲ್ಲಿಯ ನೆಲ ಬಡನೆಲ, ಚಳಿಗಾಲ ದೀರ್ಘ. ಬೇಸಾಯವೊಂದರಿಂದಲೇ ಹೊಟ್ಟೆ ತುಂಬದ ಒಕ್ಕಲುಮಕ್ಕಳು ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಗಡಿಯಾರದ ಕೆಲಸಕ್ಕೆ ಕೈ ಹಾಕಿದರು. ಮೋರಾದ ಬಳಿಯ ಓಸ್ಟ್‌ನೂರ್ ಎಂಬ ಹಳ್ಳಿಯ ಕ್ರೋಂಗ್ ಆಂಡರ್ಸ್ ಆಂಡರ್ಸನ್ (1727–1799) ಎಂಬಾತನು ಇವರಲ್ಲಿ ಮೊದಲಿಗರ ಪೈಕಿ ಪ್ರಸಿದ್ಧನು. ಒಂದು ಮನೆಯವರು ಹಲ್ಲುಚಕ್ರಗಳನ್ನು ಕಡೆಯುವುದು, ಇನ್ನೊಂದು ಮನೆಯವರು ಗಂಟೆಯನ್ನು ಎರಕ ಹೊಯ್ಯುವುದು, ಮತ್ತೊಬ್ಬರು ಮುಳ್ಳುಗಳನ್ನು ಕತ್ತರಿಸುವುದು, ಹೀಗೆ ಊರಿಗೂರೇ ಒಂದು ಕಾರ್ಖಾನೆಯಂತೆ ನಡೆಯಿತು. ಹಲವು ಗಡಿಯಾರಗಳ ಮುಖದ ಮೇಲೆ ‘ಎ. ಎ. ಎಸ್., ಮೋರಾ’ ಎಂಬ ಅಕ್ಷರಗಳು ಕಾಣುತ್ತವೆ. ಆ ಅಕ್ಷರಗಳು ಕಂಡ ಮಾತ್ರಕ್ಕೆ ಅದು ಆಂಡರ್ಸನ್ನನ ಸ್ವಹಸ್ತದ ಕೆಲಸವೆಂದು ನಂಬುವುದು ಬೇಡ.

ಇಲ್ಲಿ ವಾಚಕರು ಲಕ್ಷ್ಯವಿಟ್ಟು ಗಮನಿಸಬೇಕಾದ ಸಂಗತಿಯೊಂದಿದೆ. ಮೋರಾದಿಂದ ಹೊರಟು ಊರೂರಿಗೆ ಹೋಗುತ್ತಿದ್ದುದು ಬಹುಮಟ್ಟಿಗೆ ಯಂತ್ರಭಾಗ ಮಾತ್ರ. ಕೊಂಡವನು ತನ್ನ ಊರಿನ ಬಡಗಿಯಿಂದ ಪೆಟ್ಟಿಗೆಯನ್ನು ಮಾಡಿಸಿ, ತನ್ನ ಸೀಮೆಯ ಚಿತ್ರಗಾರನಿಂದ ಬಣ್ಣ ಹಾಕಿಸಿಕೊಳ್ಳುತ್ತಿದ್ದನು. ಆದಕಾರಣ ಒಂದೇ ಯಂತ್ರಕ್ಕೆ ಒಂದೊಂದು ಸೀಮೆಯಲ್ಲಿ ಒಂದೊಂದು ವೇಷ. ದಲಾರ್ನದ ಚಿತ್ರಗಾರರು ಬರೆಯುತ್ತಿದ್ದ ಬಳ್ಳಿಹೂಗಳ ಚಿತ್ರಕ್ಕೆ ‘ಕುರ್ಬಿಟ್ಸ್’ ಎಂದು ಹೆಸರು. ಅದು ಲ್ಯಾಟಿನ್ ಭಾಷೆಯಲ್ಲಿ ಸೋರೆಕುಂಬಳಗಳಿಗಿರುವ ಹೆಸರಿನಿಂದ ಬಂದುದು. ದೃಷ್ಟಿ ತಾಗದಿರಲೆಂದು ಬಾಗಿಲಿಗೆ ಕೂಷ್ಮಾಂಡವನ್ನು ಕಟ್ಟುವ ನಮಗೆ ಆ ಕುಂಬಳದ ನೆಂಟಸ್ತನ ಅಷ್ಟೇನೂ ದೂರದ್ದಲ್ಲ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕ, ಜರ್ಮನಿಗಳ ಕಾರ್ಖಾನೆಗಳಿಂದ ಅಗ್ಗದ ಗಡಿಯಾರಗಳು ಬಂದು ಬಿದ್ದುವು. ಮೋರಾದ ಕೈಕಸಬು ಇಳಿಮುಖವಾಯಿತು. ಅದೇ ಅಮೆರಿಕದ ಆನ್ಸೋನಿಯ, ಸೆತ್ ಥಾಮಸ್, ಅದೇ ಜರ್ಮನಿಯ ಯುಂಗ್‌ಹಾನ್ಸ್ ಮೊದಲಾದ ಗಡಿಯಾರಗಳು ಹಡಗೇರಿ ನಮ್ಮ ದೇಶಕ್ಕೂ ಬಂದುವು. ಹಳೆಯ ಮೈಸೂರಿನ ಜಹಗೀರುದಾರರ, ಶಾನುಭೋಗರ, ವಕೀಲರ ಮನೆಗಳ ಪಡಸಾಲೆಯಲ್ಲಿ ಗಾಜಿನ ಬಾಗಿಲೊಳಗೆ ಲೋಲಕವಾಡಿಸುತ್ತಿದ್ದುವು ಇಂಥವೇ. ಮೋರಾದವರ ಅನ್ನಕ್ಕೆ ಕಲ್ಲು ಹಾಕಿದ ಗಡಿಯಾರಗಳ ದಾಯಾದಿಗಳು ಇಂದು ನಮ್ಮ ಅಟ್ಟದ ಮೇಲೆ ಧೂಳು ತಿನ್ನುತ್ತಿವೆ. ಹಿತ್ತಾಳೆಯ ತೂಕಕ್ಕೆ ಗುಜರಿಯವನ ಪಾಲಾಗುತ್ತಲೂ ಇವೆ. ಸ್ವೀಡನ್ನಿನಿಂದ ತರಿಸುವ ಆಲೋಚನೆ ಇರುವವರು ಮೊದಲು ಒಂದು ಏಣಿ ಹಾಕಿ ತಮ್ಮ ಅಟ್ಟವನ್ನು ನೋಡಿಬರುವುದು ಒಳ್ಳೆಯದು.

ಇನ್ನು ಕೊಳ್ಳುವ ವಿಷಯ. ನಮ್ಮ ಪರಿಚಿತರಾದ ಗೃಹಸ್ಥರೊಬ್ಬರು ತಮ್ಮ ಪತ್ನಿಯೊಡನೆ ಬೆಂಗಳೂರಿನ ಹಳೆಯ ಸಾಮಾನುಗಳ ಅಂಗಡಿಯೊಂದಕ್ಕೆ ಹೊರಟಾಗ ನಮ್ಮನ್ನೂ ಜತೆಗೆ ಕರೆದೊಯ್ದಿದ್ದರು. ಅಲ್ಲಿ ಬಿಳಿಬಣ್ಣದ ಒಂದು ನಿಲುಗಡಿಯಾರವಿತ್ತು. “ಇನ್ನೂರು ವರ್ಷದ ಮಾಲು, ಸ್ವಾಮಿ, ಸ್ವೀಡನ್ನಿನದು” ಎಂದು ಅಂಗಡಿಯಾತನು ಹೇಳಿದನು. ನಾವು ಅದನ್ನು ಗೋಡೆಯಿಂದ ಈಚೆಗೆ ಸರಿಸಬೇಕೆಂದು ಕೇಳಿದೆವು. ಬೆನ್ನಿಗೆ ಹೊಸ ಪ್ಲೈವುಡ್ ಹಲಗೆ. ಯಂತ್ರ ಕೂರುವ ಮಣೆಯಲ್ಲಿ ಮೂರು ಬೇರೆಬೇರೆ ಅಳತೆಯ ತಿರುಪುಮೊಳೆಗಳ ತೂತು. ಒಳಗೆ ತೂಕದ ಗುಂಡುಗಳೇ ಇಲ್ಲ, ಗೋಡೆಗಡಿಯಾರದಿಂದ ಕಿತ್ತಿಟ್ಟ ಸ್ಪ್ರಿಂಗಿನ ಯಂತ್ರ. ಇದೇನೆಂದು ಕೇಳಿದ್ದಕ್ಕೆ ಆತನು ನಗುತ್ತ, “ಮೇಷ್ಟ್ರೇ, ಮುಂದಿನಿಂದ ನೋಡಿ. ಹಿಂದಿನಿಂದ ಯಾರು ನೋಡುತ್ತಾರೆ?” ಎಂದನು. ಅದಕ್ಕೆ ಆ ತಾಯಿ, “ಮನೆ ಗುಡಿಸುವವರು ನಾವಲ್ಲವೇನಪ್ಪ, ನಾವು ಹಿಂದನ್ನೂ ನೋಡುತ್ತೇವೆ” ಎಂದರು. ವ್ಯಾಪಾರ ಅಲ್ಲಿಗೆ ಮುಗಿಯಿತು.

ಆಕೆಯ ಮಾತನ್ನೇ ಪರೀಕ್ಷೆಯ ಸೂತ್ರವಾಗಿ ಇಟ್ಟುಕೊಳ್ಳಬಹುದು. ಪೆಟ್ಟಿಗೆಯ ಬೆನ್ನು, ಒಳಮೈ, ಮಣೆ, ಇವುಗಳಿಗೆ ಬಣ್ಣದ ಹಂಗಿಲ್ಲ. ಅವು ಸುಳ್ಳು ಹೇಳುವುದು ಕಡಿಮೆ. ಹಳೆಯ ಹಲಗೆಯಲ್ಲಿ ಕೈಗರಗಸದ, ಉಜ್ಜುಗೊರಡಿನ ಗುರುತುಗಳು ಏರುಪೇರಾಗಿರುತ್ತವೆ. ಚಕ್ರಗರಗಸದ ಕಮಾನುಗೆರೆಗಳು ಕಂಡರೆ ಅನುಮಾನಿಸಬೇಕು. ಎರಡು ಶತಮಾನ ಕೈಯಾಡಿದ ಬಾಗಿಲಲ್ಲಿ ಬೆರಳು ತಾಗುವ ಅಂಚು ಸವೆದಿರಬೇಕು; ಯಾರ ಕೈಯೂ ತಾಗದ ನೆತ್ತಿಯ ಮೇಲೆ ಸವೆದು, ಅಂಚಿನಲ್ಲಿ ಹೊಸತಾಗಿದ್ದರೆ ಅದು ಮರಳುಕಾಗದದ ಮಹಿಮೆ. ಬೂದುಬಿಳುಪಿಗೆ ಗಿರಾಕಿ ಹೆಚ್ಚೆಂದು ಹಳೆಯ ಹಸುರು, ಕೆಂಪು ಚಿತ್ರಗಳನ್ನು ಹೆರೆದು ಬಿಳಿ ಬಳಿಯುವ ಪದ್ಧತಿಯೂ ಇದೆ. ನಮ್ಮ ಅಭಿಪ್ರಾಯದಲ್ಲಿ ಇದು ತಾಳೆಯೋಲೆಯ ಗ್ರಂಥವನ್ನು ತೊಳೆದು ಬೆಳ್ಳಗೆ ಮಾಡಿದಂತೆಯೇ ಸರಿ. ಇನ್ನೊಂದು ಎಚ್ಚರಿಕೆ: ಆ ಕಾಲದ ಬಿಳಿಬಣ್ಣದಲ್ಲಿ ಸೀಸವಿರುತ್ತಿತ್ತು. ಹಳೆಯ ಬಣ್ಣವನ್ನು ಮನೆಯಲ್ಲಿ ಉಜ್ಜಬಾರದು. ಆ ಧೂಳು ತೊಟ್ಟಿಲ ಮಕ್ಕಳಿಗೆ ವಿಷ.

ಇಷ್ಟು ಪರೀಕ್ಷಿಸಿ ಅಪ್ಪಟವಾದುದನ್ನೇ ಆರಿಸಿದರೂ, ಅಷ್ಟು ದೂರದಿಂದ ಆರೇಳು ಅಡಿಯ ಪೆಟ್ಟಿಗೆಯನ್ನು ತರಿಸಬೇಕೆ ಎಂಬುದು ನಮ್ಮ ಪ್ರಶ್ನೆ. ಹಡಗಿನ ಬಾಡಿಗೆ, ಸುಂಕ, ಲಾರಿಯ ಕೂಲಿ ಹಾಗಿರಲಿ. ಆ ಪೆಟ್ಟಿಗೆ ಬಹುತೇಕ ಪೈನ್ ಮರದ್ದು. ಮೆದು ಮರ. ಚಳಿಯ ದೇಶದಲ್ಲಿ ಅದಕ್ಕೆ ಶತ್ರುಗಳು ಕಡಿಮೆ. ಕೊಡಗಿನ ಅಂಚಿನಲ್ಲಿ, ಆಷಾಢದ ಜಡಿಮಳೆಯಲ್ಲಿ ಗೋಡೆಯೇ ಬೆವರುವ ನಮ್ಮ ಸೀಮೆಯಲ್ಲಿ ಗೆದ್ದಲಿಗೆ ಅದಕ್ಕಿಂತ ಪ್ರಿಯವಾದ ಭೋಜನವುಂಟೆ?

ಆದುದರಿಂದ ನಾವು ಹೇಳುವುದಿಷ್ಟು: ಮೋರಾದ ಯಂತ್ರ ಬೇಕೆನಿಸಿದರೆ ಯಂತ್ರವನ್ನೇ ತರಿಸಿರಿ. ಯಂತ್ರ, ಮುಖಫಲಕ, ಗಂಟೆ, ಗುಂಡುಗಳು ಒಂದು ಸಾಧಾರಣ ಪೆಟ್ಟಿಗೆಯಲ್ಲಿ ಹಿಡಿಸುತ್ತವೆ; ಲೋಲಕದ ಕಂಬಿಯೊಂದೇ ಉದ್ದನೆಯದು. ಪೆಟ್ಟಿಗೆಯನ್ನು ಇಲ್ಲಿಯೇ ಮಾಡಿಸಿರಿ. ಇದು ಖೋಟಾ ಕೆಲಸವಲ್ಲ. ಮೋರಾದ ಗಿರಾಕಿಗಳು ಮೊದಲಿನಿಂದಲೂ ಮಾಡಿಕೊಂಡು ಬಂದುದೇ ಹೀಗೆ. ತೇಗದ ಮರದಲ್ಲಿ ಪಳಗಿದ ಬಡಗಿಗಳು ನಮ್ಮಲ್ಲಿದ್ದಾರೆ. ಬಣ್ಣದ ವಿಷಯದಲ್ಲಂತೂ ಬೈಲಕುಪ್ಪೆಯವರು ಯಾರಲ್ಲಿಗೂ ಹೋಗಬೇಕಾದುದಿಲ್ಲ. 1960ರ ದಶಕದ ಆರಂಭದಲ್ಲಿ ಇಲ್ಲಿ ಬಂದು ನೆಲೆಸಿದ ಟಿಬೆಟ್ಟಿನ ಜನರು ಮರಕ್ಕೆ ಬಣ್ಣ ಹಾಕುವ ವಿದ್ಯೆಯನ್ನು ತಮ್ಮೊಡನೆ ತಂದರು. 1963ರಲ್ಲಿ ಸ್ಥಾಪಿತವಾದ ನಾಮ್‌ಡ್ರೋಲಿಂಗ್ ವಿಹಾರವನ್ನೂ, ಅಲ್ಲಿ 1999ರಲ್ಲಿ ಆರಂಭಗೊಂಡ ಸ್ವರ್ಣಮಂದಿರವನ್ನೂ ನೋಡಿದವರಿಗೆ ಕಂಬಬೋದಿಗೆಗಳ ಮೇಲಿನ ಪದ್ಮಗಳನ್ನೂ ಮೋಡಗಳನ್ನೂ ಬಣ್ಣಿಸಿ ಹೇಳಬೇಕಾಗಿಲ್ಲ. ಅವರ ಮನೆಗಳಲ್ಲಿಯೂ ಪೆಟ್ಟಿಗೆ, ಪೀಠಗಳಿಗೆ ಹೂಬಳ್ಳಿ ಬರೆಯುವ ವಾಡಿಕೆಯುಂಟು. ಸ್ವೀಡನ್ನಿನ ಯಂತ್ರಕ್ಕೆ ಹುಣಸೂರಿನ ತೇಗದ ಮೈ, ಬೈಲಕುಪ್ಪೆಯ ಬಣ್ಣ. ಇದಕ್ಕಿಂತ ಪ್ರಾಮಾಣಿಕವಾದ ಗಡಿಯಾರ ನಮಗೆ ತೋರದು. ಬಾಗಿಲಿನ ಒಳಮೈಯಲ್ಲಿ ಬಡಗಿಯ ಹೆಸರು, ಚಿತ್ರಗಾರನ ಹೆಸರು, ಇಸವಿ, ಇಷ್ಟನ್ನೂ ಶಾಯಿಯಲ್ಲಿ ಬರೆಯಿಸಿಡಬೇಕು. ಮುಂದೆ ಯಾರೂ ಅದನ್ನು ಇನ್ನೂರು ವರ್ಷದ ಮಾಲೆಂದು ಮಾರಲಾರರು.

ಮುಖಫಲಕದ ಅಂಕಿಗಳನ್ನು ಕನ್ನಡದಲ್ಲಿ ಬರೆಯಿಸಬಹುದೆ ಎಂದು ಒಬ್ಬರು ಕೇಳಿದರು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ರಜತಮಹೋತ್ಸವದ ನೆನಪಿಗೆ 1927ರಲ್ಲಿ ಎದ್ದ ದೊಡ್ಡ ಗಡಿಯಾರದ ಮುಖದಲ್ಲಿ ಕನ್ನಡದ ಅಂಕಿಗಳೇ ಇವೆ. ಹೊಸ ಫಲಕ ಮಾಡಿಸುವವರು ಧಾರಾಳವಾಗಿ ಹಾಗೆ ಬರೆಯಿಸಲಿ. ಹಳೆಯ ಫಲಕವಿದ್ದರೆ ಅದನ್ನು ಮುಟ್ಟುವುದು ಬೇಡ.

ಯಂತ್ರ ಮನೆ ಸೇರಿದ ಮೇಲೆ ಒಂದು ಆಶ್ಚರ್ಯ ಕಾದಿರುತ್ತದೆ: ಅದು ದಿನಕ್ಕೆ ಸುಮಾರು ಮೂರು ನಿಮಿಷ ಹಿಂದೆ ಬೀಳುತ್ತದೆ. ಕೆಟ್ಟಿತೆಂದು ಗಾಬರಿಪಡಬಾರದು. ಹಾಲೆಂಡಿನ ಹೈಗನ್ಸ್ ಎಂಬ ವಿದ್ವಾಂಸನು 1656ರಲ್ಲಿ ಗಡಿಯಾರಕ್ಕೆ ಲೋಲಕವನ್ನು ಅಳವಡಿಸಿದನು. ಒಂದೊಂದು ಸೆಕೆಂಡಿಗೆ ಒಂದು ತೂಗು ತೂಗಬೇಕಾದರೆ ಆ ಲೋಲಕ ಸುಮಾರು 99 ಸೆಂಟಿಮೀಟರ್ ಉದ್ದವಿರಬೇಕು. ಪೆಟ್ಟಿಗೆ ಅಷ್ಟು ನೀಳವಾದುದಕ್ಕೆ ಇದೂ ಕಾರಣ. ಈ ತೂಗು ಭೂಮಿಯ ಆಕರ್ಷಣವನ್ನು ಆಶ್ರಯಿಸಿದೆ. ಆಕರ್ಷಣವಾದರೋ ಧ್ರುವದ ಕಡೆ ಹೆಚ್ಚು, ಭೂಮಧ್ಯರೇಖೆಯ ಕಡೆ ಕಡಿಮೆ. 1672ರಲ್ಲಿ ಪ್ಯಾರಿಸ್ಸಿನಿಂದ ದಕ್ಷಿಣ ಅಮೆರಿಕದ ಕಯೆನ್ ಎಂಬಲ್ಲಿಗೆ ಹೋದ ರಿಶೇ ಎಂಬ ಜ್ಯೋತಿರ್ವಿದನ ಗಡಿಯಾರ ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬಿದ್ದುದರಿಂದಲೇ ಈ ತತ್ತ್ವ ಪಂಡಿತರ ಲಕ್ಷ್ಯಕ್ಕೆ ಬಂತು. ಮೋರಾ ಉತ್ತರದ 61ನೆಯ ಅಕ್ಷಾಂಶದಲ್ಲಿದೆ. ಬೈಲಕುಪ್ಪೆ 12ರಲ್ಲಿದ್ದು, ಸಮುದ್ರಮಟ್ಟಕ್ಕಿಂತ 800 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಗುಣಿಸಿ ನೋಡಿದರೆ ಅಂತರ ಮೂರು ನಿಮಿಷಗಳ ಹತ್ತಿರ ಬರುತ್ತದೆ. ಲೋಲಕದ ಕೆಳಗಿರುವ ತಿರುಪನ್ನು ತಿರುಗಿಸಿ ಗುಂಡನ್ನು ಸುಮಾರು 4 ಮಿಲಿಮೀಟರ್ ಮೇಲಕ್ಕೇರಿಸಿದರೆ ಗಡಿಯಾರ ನಮ್ಮೂರಿನದಾಗುತ್ತದೆ. ಬೇಸಗೆಯಲ್ಲಿ ಕಂಬಿ ಹಿಗ್ಗಿ ದಿನಕ್ಕೆ ಕೆಲವು ಸೆಕೆಂಡು ತಡವಾಗುವುದನ್ನು ಮಾತ್ರ ಕ್ಷಮಿಸಬೇಕು. ಸೂರ್ಯಸಿದ್ಧಾಂತದಲ್ಲಿ ಹೇಳಿರುವ ತಾಮ್ರದ ಘಟಿಕಾಪಾತ್ರೆ, ತಳದ ರಂಧ್ರದಿಂದ ನೀರು ತುಂಬಿ ಅಹೋರಾತ್ರದಲ್ಲಿ 60 ಸಲ ಮುಳುಗಬೇಕಾದುದು, ಸೆಕೆಂಡಿನ ಗೊಡವೆಗೇ ಹೋಗಲಿಲ್ಲ. ಅದನ್ನು ನಂಬಿ ನಮ್ಮ ಹಿರಿಯರು ಮುಹೂರ್ತಗಳನ್ನು ಸಾಧಿಸಿದರು.

ಗಡಿಯಾರವನ್ನು ನಿಲ್ಲಿಸಿದ ಮೇಲೆ ಕಣ್ಣುಮುಚ್ಚಿ ಅದರ ಸದ್ದನ್ನು ಕೇಳಬೇಕು. ಎರಡು ಸದ್ದುಗಳ ನಡುವಣ ಕಾಲ ಸಮವಾಗಿರಬೇಕು. ಟಿಕ್ ಎಂಬುದು ಲಘುವೂ ಟಾಕ್ ಎಂಬುದು ಗುರುವೂ ಆಗಿ ಕೇಳಿಸಿದರೆ ಛಂದಸ್ಸಿಗೆ ಚೆಂದವೇ ಹೊರತು ಗಡಿಯಾರಕ್ಕಲ್ಲ. ಪೆಟ್ಟಿಗೆ ಒಂದು ಮಗ್ಗುಲಿಗೆ ವಾಲಿದೆ ಎಂದರ್ಥ. ಕಾಲಿನ ಕೆಳಗೆ ತೆಳ್ಳನೆಯ ಬೆಣೆ ಕೊಟ್ಟು ಸಮಮಾಡಬೇಕು. ಅಟ್ಟದಿಂದಿಳಿಸಿದ ಗೋಡೆಗಡಿಯಾರಕ್ಕೂ ಇದೇ ಪರೀಕ್ಷೆ.

ಅಟ್ಟದ ಗಡಿಯಾರದ ಬಗ್ಗೆ ಕಾನೂನಿನ ಒಂದು ಮಾತು ಸೇರಿಸಬೇಕಾಗಿದೆ. ಅಜ್ಜನ ಗಡಿಯಾರವನ್ನು ಪರದೇಶದ ಮಗನಿಗೆ ಕಳುಹಿಸೋಣವೆನ್ನುವವರು ಮೊದಲು ಅದರ ವಯಸ್ಸನ್ನು ನೋಡಬೇಕು. 1972ರ ಪುರಾತನವಸ್ತುಗಳ ಶಾಸನದ ಮೇರೆಗೆ 100 ವರ್ಷಕ್ಕೆ ಕಡಿಮೆಯಿಲ್ಲದ ವಸ್ತು ಪುರಾತನವೆಂದು ಪರಿಗಣಿತವಾಗಬಹುದು. ಹಾಗೆ ಪರಿಗಣಿತವಾದುದನ್ನು ಖಾಸಗಿಯವರು ದೇಶದಾಚೆಗೆ ಸಾಗಿಸುವಂತಿಲ್ಲ. ಹೊರಡಿಸುವ ಮುನ್ನ ಪುರಾತತ್ತ್ವ ಇಲಾಖೆಯವರನ್ನು ವಿಚಾರಿಸಿಕೊಳ್ಳುವುದು ಕ್ಷೇಮ.

ಎಣ್ಣೆಯ ವಿಚಾರವೊಂದು ಉಳಿಯಿತು. ಗಡಿಯಾರ ನಿಂತಿತೆಂದರೆ ಅಡಿಗೆಮನೆಯ ಕೊಬ್ಬರಿಎಣ್ಣೆಯನ್ನು ಹಕ್ಕಿಯ ಪುಕ್ಕದಲ್ಲಿ ಅದ್ದಿ ಬಿಡುವುದು ನಮ್ಮ ಮನೆಗಳ ಹಳೆಯ ಚಾಳಿ. ಕೊಬ್ಬರಿಎಣ್ಣೆ ಸುಮಾರು 24 ಡಿಗ್ರಿಗಿಂತ ತಂಪಾದರೆ ಹೆಪ್ಪುಗಟ್ಟುತ್ತದೆ. ಧನುರ್ಮಾಸದ ಬೆಳಗ್ಗೆ ನಮ್ಮೂರಿನಲ್ಲಿ ಗಡಿಯಾರ ನಿಲ್ಲುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಗಡಿಯಾರದ ಎಣ್ಣೆಯೇ ಬೇರೆ ದೊರೆಯುತ್ತದೆ. ಅದನ್ನು ಸೂಜಿಯ ಮೊನೆಯಿಂದ ಅಚ್ಚಿನ ತುದಿಗಳಿಗೆ ಮಾತ್ರ ಮುಟ್ಟಿಸಬೇಕು, ಚಕ್ರದ ಹಲ್ಲುಗಳಿಗೆ ಕೂಡದು. ಹಲ್ಲಿಗೆ ಹಚ್ಚಿದ ಎಣ್ಣೆಗೆ ಧೂಳು ಹಿಡಿದು ಹಿತ್ತಾಳೆಯನ್ನೇ ತೇಯುತ್ತದೆ. ಕೀಲಿ ಕೊಡುವುದಕ್ಕೆ ವಾರದಲ್ಲೊಂದು ದಿನವನ್ನು ಗೊತ್ತುಮಾಡಿ, ಮನೆಯಲ್ಲಿ ಒಬ್ಬರಿಗೇ ಆ ಕೆಲಸವನ್ನು ಒಪ್ಪಿಸಬೇಕು. ಮೊಮ್ಮಕ್ಕಳಿದ್ದರೆ ಅವರಲ್ಲಿ ದೊಡ್ಡವರಿಗೆ ಕೊಡಬಹುದು. ಮುಳ್ಳನ್ನು ಹಿಂದಕ್ಕೆ ತಿರುಗಿಸಬಾರದೆಂಬುದನ್ನು ಮಾತ್ರ ಮೊದಲೇ ಹೇಳಿಕೊಟ್ಟಿರಬೇಕು.