ತರಗತಿಯ ಶಿಸ್ತೂ ಮನೆಮಾತೂ

‘ಶಿಕ್ಷಾ’ ಶಬ್ದಕ್ಕೆ ಸಂಸ್ಕೃತದಲ್ಲಿ ಕಲಿಕೆಯೆಂಬುದೇ ಮುಖ್ಯಾರ್ಥ. ಕನ್ನಡದ ‘ಶಿಕ್ಷೆ’ಗಾದರೋ ದಂಡನೆಯೆಂಬ ಅರ್ಥವೇ ರೂಢವಾಗಿದೆ. ಹಳೆಯ ಐಗಳ ಮಠಗಳಲ್ಲಿ ಬೆತ್ತವೂ ಕೋದಂಡವೂ ಶಿಸ್ತಿನ ಸಾಧನಗಳಾಗಿದ್ದುವು. 2009ನೆಯ ಇಸವಿಯ ಶಿಕ್ಷಣ ಹಕ್ಕಿನ ಕಾಯಿದೆಯ 17ನೆಯ ಪ್ರಕರಣವು ದೇಹದಂಡನೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು. ಬೆತ್ತವಿಲ್ಲದೆ ತರಗತಿಯನ್ನು ನಡೆಯಿಸುವ ಬಗೆ ಎಂತು?

ಪುತ್ತೂರು, ಸುಳ್ಯ, ಕಡಬ ಸೀಮೆಯಲ್ಲಿ ತುಳು, ಅರೆಭಾಷೆ, ಬ್ಯಾರಿ, ಮಲಯಾಳಗಳನ್ನು ಮನೆಯಲ್ಲಾಡುವ ಮಕ್ಕಳು ಕನ್ನಡ ಶಾಲೆಗೆ ಬರುವರು. ಉಪಾಧ್ಯಾಯರ ಮಾತು ತಿಳಿಯದ ಮಗುವು ಸುಮ್ಮನಿರುವುದು, ಇಲ್ಲವೆ ನೆರೆಯ ಮಗುವಿನೊಡನೆ ಪಿಸುಗುಟ್ಟುವುದು. ಇದನ್ನು ಅವಿಧೇಯತೆಯೆಂದೆಣಿಸುವುದು ಯುಕ್ತವಲ್ಲ. ಅದು ಅರ್ಥವನ್ನರಸುವ ಯತ್ನವೂ ಆಗಿರಬಹುದು. ಆದುದರಿಂದ ನಿಯಮಗಳು ಕೆಲವೇ ಇದ್ದು, ಸೂಚನೆಯನ್ನು ಗ್ರಹಿಸಿದ ಮಗುವಿನಿಂದಲೇ ಗ್ರಹಿಸದುದಕ್ಕೆ ಮನೆಮಾತಿನಲ್ಲಿ ಹೇಳಿಸುವುದು ಲೇಸು. ಆಗ ಪಿಸುಮಾತೇ ಪಾಠಕ್ಕೆ ನೆರವಾಗುವುದು. ಶಿಕ್ಷೆಯೂ ತನ್ನ ಮೂಲಾರ್ಥವನ್ನು ಸೇರುವುದು.