ವಿದ್ಯುತ್ತಿನ ಅಲಗು

ಒಂದು ಕಾಲದಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆಗೆ ರೋಗಕ್ಕಿಂತಲೂ ದೊಡ್ಡ ಶತ್ರುವಾಗಿದ್ದುದು ರಕ್ತಸ್ರಾವ. ಕೈಕಾಲುಗಳಲ್ಲಾದರೆ ತುಂಡಾದ ರಕ್ತನಾಳವನ್ನು ಇಕ್ಕಳದಿಂದ ಹಿಡಿದು ದಾರದಿಂದ ಬಿಗಿಯಬಹುದು; ಬೆಣ್ಣೆಯಂತೆ ಮೃದುವಾದ ಮಿದುಳಿನ ಆಳದಲ್ಲಿ ಗಂಟುಹಾಕಲು ಎಡೆಯೆಲ್ಲಿ? ಬಾಸ್ಟನ್ ನಗರದ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯ ಹಾರ್ವೆ ಕುಶಿಂಗ್ ಅವರು ಇದಕ್ಕಾಗಿಯೇ ಬೆಳ್ಳಿಯ ಪುಟ್ಟ ಕ್ಲಿಪ್ಪುಗಳನ್ನು ರೂಪಿಸಿದ್ದರಾದರೂ, ರಕ್ತಭರಿತವಾದ ಗೆಡ್ಡೆಗಳೆದುರು ಅವರಂತಹ ನಿಪುಣರೂ ಕೆಲಸವನ್ನು ಅರ್ಧಕ್ಕೇ ನಿಲ್ಲಿಸಿ ಗಾಯವನ್ನು ಮುಚ್ಚಬೇಕಾಗುತ್ತಿದ್ದಿತು. ಹಾಗೆ ಕೈಬಿಟ್ಟಿದ್ದ ಗೆಡ್ಡೆಯೊಂದನ್ನು ಕೆಲವೇ ದಿನಗಳ ತರುವಾಯ, 1926ರ ಅಕ್ಟೋಬರ್ 1ರಂದು, ಹಾರ್ವರ್ಡಿನ ವಿಜ್ಞಾನಿ ವಿಲಿಯಂ ಬೋವಿಯವರು ನಿರ್ಮಿಸಿದ ವಿದ್ಯುದ್ಯಂತ್ರದ ನೆರವಿನಿಂದ ಕುಶಿಂಗ್ ಅವರು ತುಣುಕುತುಣುಕಾಗಿ ತೆಗೆದುಹಾಕಿದರು. ಅಸಂಖ್ಯ ಪ್ರಾಣಗಳನ್ನುಳಿಸಿದ ಈ ಯಂತ್ರದ ಹಕ್ಕನ್ನು ಬೋವಿಯವರು ತಯಾರಕರಿಗೆ ಒಂದೇ ಡಾಲರಿಗೆ ಕೊಟ್ಟರೆಂಬುದನ್ನು ನೆನೆದಾಗ ಮನಸ್ಸು ಆರ್ದ್ರವಾಗುತ್ತದೆ.

ರಕ್ತವನ್ನು ನಿಲ್ಲಿಸಲು ಸುಶ್ರುತನು ಹೇಳಿದ ನಾಲ್ಕು ಉಪಾಯಗಳಲ್ಲಿ ದಹನವೂ ಒಂದು. ಆದರೆ ಅಲ್ಲಿ ಕಾದ ಶಲಾಕೆಯು ಸುಡುತ್ತಿದ್ದಿತು. ಬೋವಿಯವರ ಯಂತ್ರದಲ್ಲಿ ಲೋಹವನ್ನು ಕಾಯಿಸುವುದೇ ಇಲ್ಲ. ಅದರ ತುದಿಯಿಂದ ಹೊರಟ ವಿದ್ಯುತ್ತು ದೇಹದ ಜೀವಕಣಗಳನ್ನು ಹಾಯುವಾಗ ಎದುರಿಸುವ ಪ್ರತಿರೋಧದಿಂದಲೇ, ಆ ಕಣಗಳೊಳಗೇ, ಶಾಖವು ಜನಿಸುತ್ತದೆ. ಮನೆಯ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳಲ್ಲಿ ಹರಿದು ಸ್ನಾಯುಗಳನ್ನು ಸೆಡೆಯಿಸಿ, ಹೃದಯವನ್ನೇ ನಿಲ್ಲಿಸಬಲ್ಲುದು. ಆವರ್ತವು 10,000ವನ್ನು ಮೀರಿದರೆ ಸ್ನಾಯುಗಳು ಹೀಗೆ ಸೆಡೆಯವೆಂಬುದನ್ನು ಫ್ರಾನ್ಸಿನ ವಿಜ್ಞಾನಿ ದಾರ್ಸೊನ್ವಾಲ್ 1891ರಲ್ಲಿ ಕಂಡುಕೊಂಡರು. ಇಂದಿನ ಯಂತ್ರಗಳ ಆವರ್ತವು ಸಾಮಾನ್ಯವಾಗಿ ಮೂರರಿಂದ ಐದು ಲಕ್ಷ.

ಆಪರೇಷನ್ ಥಿಯೇಟರಿನಲ್ಲಿ ‘ಕಾಟರಿ’ ಎಂದೇ ಕರೆಯಲ್ಪಡುವ ಇದರ ಹಿಡಿಯ ಮೇಲೆ ಹಳದಿ, ನೀಲಿ ಎಂಬ ಎರಡು ಗುಂಡಿಗಳುಂಟು. ಹಳದಿಯನ್ನೊತ್ತಿದರೆ ಅವಿಚ್ಛಿನ್ನವಾಗಿ ಹರಿಯುವ ವಿದ್ಯುತ್ತಿನಿಂದ ಕಣಗಳೊಳಗಿನ ನೀರು ಕ್ಷಣಾರ್ಧದಲ್ಲಿ ಕುದಿದು, ಕಣಗಳು ಒಡೆದು, ಮಾಂಸವು ಸೀಳುತ್ತದೆ. ನೀಲಿಯನ್ನೊತ್ತಿದರೆ ವಿದ್ಯುತ್ತು ಬಿಟ್ಟುಬಿಟ್ಟು ಬರುವುದರಿಂದ ಕಣಗಳಿಗೆ ನಡುನಡುವೆ ತಣಿಯಲು ಅವಕಾಶ ದೊರೆತು, ಅವು ಸಿಡಿಯದೆ ಒಣಗಿ ಹೆಪ್ಪುಗಟ್ಟಿ, ರಕ್ತನಾಳದ ಬಾಯಿ ಮುಚ್ಚಿಕೊಳ್ಳುತ್ತದೆ.

ಒಳಹೊಕ್ಕ ವಿದ್ಯುತ್ತು ಹೊರಗೆ ಬರಲೇಬೇಕಷ್ಟೆ. ಅದಕ್ಕಾಗಿ ರೋಗಿಯ ತೊಡೆಗೆ ಅಂಗೈಯಗಲದ ಪ್ಯಾಡೊಂದನ್ನು ಅಂಟಿಸಿರುತ್ತಾರೆ. ಎರಡೂ ಕಡೆ ಹರಿಯುವ ವಿದ್ಯುತ್ತು ಒಂದೇ ಆದರೂ, ಕಿರಿದಾದ ತುದಿಯಲ್ಲಿ ಸಾಂದ್ರವಾಗಿ ಕೊಯ್ಯುವ ಅದು ವಿಶಾಲವಾದ ಪ್ಯಾಡಿನಲ್ಲಿ ಹರಡಿಕೊಂಡು ಚರ್ಮಕ್ಕೆ ಬಾಧೆಯಿಲ್ಲದಂತೆ ಹಿಂದಿರುಗುತ್ತದೆ. ಪ್ಯಾಡು ಅರ್ಧ ಕಿತ್ತುಬಂದರೋ, ಅಲ್ಲಿಯೇ ಸುಟ್ಟಗಾಯ! ಆದುದರಿಂದಲೇ, ನನ್ನ ದೃಷ್ಟಿಯಲ್ಲಿ, ಅದನ್ನು ಒತ್ತಿ ಸವರಿ ಅಂಟಿಸುವ ದಾದಿಯ ಕೈಗೂ ಕೊಯ್ಯುವ ವೈದ್ಯರ ಕೈಗೂ ಸಮಾನ ಗೌರವ ಸಲ್ಲತಕ್ಕುದು. ಸಂಪರ್ಕವು ಸಡಿಲಗೊಂಡೊಡನೆ ತಾನಾಗಿ ನಿಲ್ಲುವ ಯಂತ್ರಗಳು ಈಗ ಬಂದಿವೆ. ಮಿದುಳು, ಬೆನ್ನುಹುರಿಗಳಂತಹ ಸೂಕ್ಷ್ಮಸ್ಥಾನಗಳಲ್ಲಿ ವಿದ್ಯುತ್ತು ಚಿಮಟದ ಎರಡು ತುದಿಗಳ ನಡುವೆ ಮಾತ್ರ ಹರಿಯುವ ಬೇರೊಂದು ಉಪಕರಣವನ್ನು ಬಳಸುವರು. ಅದಕ್ಕೆ ಪ್ಯಾಡೇ ಬೇಡ.

ಶಸ್ತ್ರಚಿಕಿತ್ಸೆಗೆ ಮುನ್ನ ದಾದಿಯರು ತಾಳಿ, ಬಳೆ, ಕಾಲುಂಗುರಗಳನ್ನು ತೆಗೆಯಿಸುವುದಕ್ಕೆ ಇದೂ ಒಂದು ಕಾರಣ: ವಿದ್ಯುತ್ತು ಲೋಹದ ಮೂಲಕ ಅಡ್ಡದಾರಿ ಹಿಡಿದರೆ ಅಲ್ಲಿಯ ಚರ್ಮ ಸುಡುವ ಸಂಭವವುಂಟು. ಮನಸ್ಸಿಗೆ ಹಿತವಲ್ಲದಿದ್ದರೂ ದಯವಿಟ್ಟು ಅವನ್ನು ತೆಗೆದಿಡಿರಿ. ಎದೆಯಲ್ಲಿ ಪೇಸ್‌ಮೇಕರ್ ಇದ್ದರಂತೂ, ಯಾರೂ ಕೇಳದಿದ್ದರೂ, ನೀವಾಗಿಯೇ ವೈದ್ಯರಿಗೆ ಮೊದಲೇ ತಿಳಿಸಿರಿ.