ಬೇಸಿಗೆಯ ಕೊನೆಯಲ್ಲಿ ತರಕಾರಿ ಎಲ್ಲಿ ಕೊಳ್ಳಬೇಕು? ರೈತು ಬಜಾರು ಮತ್ತು ನಮ್ಮ ಆರೋಗ್ಯ



ಮೇ ತಿಂಗಳು ಮುಗಿಯುತ್ತ ಬಂತು. ಮಳೆ ಇನ್ನೂ ಹಿಡಿದಿಲ್ಲ, ಬಿಸಿಲು ಇಳಿದಿಲ್ಲ. ಟೊಮೆಟೊ, ಬೀನ್ಸ್ ಬೆಲೆ ಏರುವ ಕಾಲ ಇದು. ಬೆಳಿಗ್ಗೆ ತಂದ ಸೊಪ್ಪು ಸಂಜೆಗೆ ಬಾಡಿರುತ್ತದೆ. "ಆಲೂಗಡ್ಡೆ, ಈರುಳ್ಳಿಯಲ್ಲೇ ಸುಧಾರಿಸೋಣ" ಎಂದು ಅನೇಕ ಮನೆಗಳಲ್ಲಿ ಸೊಪ್ಪು ತರುವುದೇ ನಿಂತುಹೋಗುತ್ತದೆ. ಸಕ್ಕರೆ ಕಾಯಿಲೆ, ಬಿ.ಪಿ., ಮಲಬದ್ಧತೆ ಇರುವವರಿಗೆ ಇದು ನಷ್ಟ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದೊಡ್ಡವರಿಗೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು-ತರಕಾರಿ ಬೇಕೆಂದು. ಆಲೂಗಡ್ಡೆ ಈ ಲೆಕ್ಕಕ್ಕೆ ಸೇರುವುದಿಲ್ಲ. ನಾಲ್ಕು ಜನ ದೊಡ್ಡವರಿರುವ ಮನೆಗೆ ದಿನಕ್ಕೆ ಒಂದೂವರೆ ಕೆಜಿಗಿಂತ ಹೆಚ್ಚಾಯಿತು. ಇಷ್ಟನ್ನು ತಾಜಾ ಆಗಿ, ಕೈಗೆಟುಕುವ ಬೆಲೆಗೆ ತರುವುದು ಹೇಗೆ? ರೈತರೇ ನೇರವಾಗಿ ಮಾರುವ ಬಜಾರು ಒಂದು ಒಳ್ಳೆಯ ದಾರಿ. ಹೈದರಾಬಾದಿನ ರೈತು ಬಜಾರನ್ನು ಉದಾಹರಣೆಯಾಗಿ ಇಟ್ಟುಕೊಂಡು ನೋಡೋಣ. ಬೇರೆ ಊರಿನವರಿಗೂ ಇದೇ ಮಾತು ಹೊಂದುತ್ತದೆ.

*ಕೊಯ್ದ ಮೇಲೆ ಸೊಪ್ಪಿಗೆ ಏನಾಗುತ್ತದೆ?*

ಕೊಯ್ದ ನಂತರವೂ ಸೊಪ್ಪು-ತರಕಾರಿ ಉಸಿರಾಡುತ್ತಲೇ ಇರುತ್ತದೆ. ಸೆಖೆ ಹೆಚ್ಚಾದಷ್ಟೂ ಉಸಿರಾಟ ಜೋರಾಗುತ್ತದೆ, ನೀರು ಆರುತ್ತದೆ, ಎಲೆ ಜೋಲುತ್ತದೆ. ಮೊದಲು ಕಡಿಮೆಯಾಗುವುದು ವಿಟಮಿನ್ ಸಿ. ಫೋಲೇಟ್ ಕೂಡ ಕರಗುತ್ತ ಹೋಗುತ್ತದೆ. ಕಬ್ಬಿಣ, ಕ್ಯಾಲ್ಸಿಯಂ, ನಾರು ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಹಾಗಾಗಿ ಸ್ವಲ್ಪ ಬಾಡಿದ ಸೊಪ್ಪನ್ನು ಎಸೆಯಬೇಕಿಲ್ಲ. ಆದರೆ ಪೂರ್ತಿ ಲಾಭ ಬೇಕಾದರೆ ಹೊಲದಿಂದ ಒಲೆಗೆ ಹಿಡಿಯುವ ಸಮಯ ಕಡಿಮೆಯಾಗಬೇಕು. ಹೊಲದಿಂದ ಮಂಡಿ, ಮಂಡಿಯಿಂದ ಸಗಟು ವ್ಯಾಪಾರಿ, ಅಲ್ಲಿಂದ ಅಂಗಡಿ ಎಂದು ಸುತ್ತಿದಷ್ಟೂ ಬಿಸಿಲಲ್ಲಿ ಕಳೆಯುವ ಗಂಟೆಗಳು ಹೆಚ್ಚು.

*ರೈತು ಬಜಾರು ಹೇಗೆ ನಡೆಯುತ್ತದೆ?*

1999ರಲ್ಲಿ ಆಗಿನ ಆಂಧ್ರಪ್ರದೇಶ ಸರ್ಕಾರ ಇವನ್ನು ಆರಂಭಿಸಿತು. ಹೈದರಾಬಾದಿನಲ್ಲಿ ಮೆಹದೀಪಟ್ನಂ, ಎರ್ರಗಡ್ಡ, ಕೂಕಟ್‌ಪಲ್ಲಿ, ವನಸ್ಥಲಿಪುರಂ ಬಜಾರುಗಳು ಹೆಸರಾದವು. ಸುತ್ತಲಿನ ಹಳ್ಳಿಗಳ ರೈತರಿಗೆ ಗುರುತಿನ ಚೀಟಿ ಕೊಟ್ಟು, ಕೂರಲು ಜಾಗ ಕೊಡುತ್ತಾರೆ. ದಿನದ ಬೆಲೆಯನ್ನು ಬೋರ್ಡಿನ ಮೇಲೆ ಬರೆಯುತ್ತಾರೆ. ಅದು ಸಗಟು ಬೆಲೆಗಿಂತ ಸ್ವಲ್ಪ ಹೆಚ್ಚು, ಹೊರಗಿನ ಚಿಲ್ಲರೆ ಬೆಲೆಗಿಂತ ಕಡಿಮೆ ಇರಬೇಕೆಂಬುದು ಉದ್ದೇಶ. ರೈತನಿಗೂ ನಾಲ್ಕು ಕಾಸು ಹೆಚ್ಚು ಸಿಗುತ್ತದೆ, ನಮಗೂ ಉಳಿಯುತ್ತದೆ.

ತಮಿಳುನಾಡಿನಲ್ಲಿ ಇದೇ ರೀತಿಯ 'ಉಳವರ್ ಸಂದೈ' 1999ರ ನವೆಂಬರ್ 14ರಂದು ಮದುರೈಯಲ್ಲಿ ಶುರುವಾಯಿತು. ಮಹಾರಾಷ್ಟ್ರದಲ್ಲಿ 2016ರಲ್ಲಿ ಹಣ್ಣು-ತರಕಾರಿಯನ್ನು ಎ.ಪಿ.ಎಂ.ಸಿ. ಕಟ್ಟುಪಾಡಿನಿಂದ ಬಿಡಿಸಿದ ಮೇಲೆ ಪುಣೆ, ಮುಂಬೈ ಬಡಾವಣೆಗಳಲ್ಲಿ ರೈತರ ವಾರದ ಸಂತೆಗಳು ಹೆಚ್ಚಾದವು. ನಿಮ್ಮ ಬಡಾವಣೆಗೆ ಹತ್ತಿರದ್ದು ಯಾವುದು ಎಂದು ಒಮ್ಮೆ ವಿಚಾರಿಸಿ.

*ಈಗ ಏನು ಕೊಳ್ಳಬಹುದು?*

ಬೇಸಿಗೆ ತಡೆಯುವ ಬೆಳೆಗಳು ಈಗ ಅಗ್ಗ. ಹೈದರಾಬಾದಿಗೆ ಹೊಸದಾಗಿ ಬಂದವರಿಗೆ ಹೆಸರುಗಳು ಗೊತ್ತಿರಲಿ:

▪️ ತೋಟಕೂರ: ನಮ್ಮ ಹರಿವೆ, ದಂಟಿನ ಸೊಪ್ಪು
▪️ ಗೋಂಗೂರ: ಪುಂಡಿ ಸೊಪ್ಪು (ಬೀದರ, ಕಲಬುರಗಿ, ರಾಯಚೂರಿನವರಿಗೆ ರೊಟ್ಟಿ ಜೊತೆ ಇದೇ ಬೇಕು)
▪️ ಬಚ್ಚಲಿ ಕೂರ: ಬಸಳೆ
▪️ ಗಂಗವಾಯಿಲ ಕೂರ: ಗೋಣಿ ಸೊಪ್ಪು
▪️ ಸೊರಕಾಯ: ಸೋರೆಕಾಯಿ
▪️ ಬೀರಕಾಯ: ಹೀರೆಕಾಯಿ
▪️ ಪೊಟ್ಲಕಾಯ: ಪಡವಲಕಾಯಿ
▪️ ಮುನಗಕಾಯ: ನುಗ್ಗೆಕಾಯಿ
▪️ ತಾಟಿ ಮುಂಜಲು: ತಾಟಿನುಂಗು

ಟೊಮೆಟೊ ದುಬಾರಿಯಾದರೆ ಸಾರು, ಬೇಳೆಗೆ ಮಾವಿನಕಾಯಿ ಹಾಕಿ. ಹುಳಿಯೂ ಆಯಿತು, ಖರ್ಚೂ ಉಳಿಯಿತು.

*ಒಂದು ಮುಖ್ಯ ಎಚ್ಚರಿಕೆ:* ಸೋರೆಕಾಯಿ, ಹೀರೆಕಾಯಿ, ಸೌತೆಕಾಯಿ ಬಿಸಿಲು ಮತ್ತು ನೀರಿನ ಕೊರತೆಗೆ ಸಿಕ್ಕಾಗ ಕೆಲವೊಮ್ಮೆ ಕಹಿಯಾಗುತ್ತವೆ. ಹೆಚ್ಚುವ ಮೊದಲು ಚೂರು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿ ಇದ್ದರೆ ಉಗಿದು, ಇಡೀ ಕಾಯಿ ಎಸೆಯಿರಿ. ಬೇಯಿಸಿದರೂ ಆ ಕಹಿಯ ವಿಷ ಹೋಗುವುದಿಲ್ಲ. ಕಹಿ ಸೋರೆಕಾಯಿ ರಸ ಕುಡಿದು ಜೀವ ಹೋದ ಪ್ರಕರಣಗಳು ನಮ್ಮ ದೇಶದಲ್ಲೇ ಆಗಿವೆ. ಕುಡಿದ ಮೇಲೆ ವಾಂತಿ, ಹೊಟ್ಟೆನೋವು, ಭೇದಿ ಶುರುವಾದರೆ ಮನೆಮದ್ದು ಮಾಡುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ.

*ಮಾವಿನ ಹಣ್ಣು*

ಕ್ಯಾಲ್ಸಿಯಂ ಕಾರ್ಬೈಡ್ ಹಾಕಿ ಹಣ್ಣು ಮಾಡುವುದು ಕಾನೂನಿನಲ್ಲಿ ನಿಷೇಧ. ಅದರಲ್ಲಿ ಆರ್ಸೆನಿಕ್, ರಂಜಕದ ಅಂಶ ಇರಬಹುದು. ಎಥಿಲೀನ್ ಅನಿಲವನ್ನು ಮಿತಿಯಲ್ಲಿ ಬಳಸಲು ಅನುಮತಿ ಇದೆ. ಹಣ್ಣಿನಿಂದಲೇ ಹೊರಡುವ ಅನಿಲ ಅದು, ಅದಕ್ಕೆ ಭಯ ಬೇಡ. ಮೇಲೆಲ್ಲ ಒಂದೇ ಸಮ ಹಳದಿ, ಆದರೆ ಪರಿಮಳವೇ ಇಲ್ಲ, ಒಳಗೆ ಗಟ್ಟಿ ಎಂದರೆ ಅನುಮಾನ ಪಡಿ. ಎಲ್ಲಕ್ಕಿಂತ ಸುಲಭ ಉಪಾಯವೆಂದರೆ ರೈತರಿಂದ ಬಲಿತ ಕಾಯಿ ಕೊಂಡು ಮನೆಯಲ್ಲೇ ಒಣಹುಲ್ಲಿನಲ್ಲೋ ಅಕ್ಕಿ ಡಬ್ಬದಲ್ಲೋ ಇಟ್ಟು ಹಣ್ಣು ಮಾಡುವುದು. ಸಕ್ಕರೆ ಕಾಯಿಲೆಯವರು ಊಟದ ಮೇಲೆ ಹಣ್ಣು ತಿನ್ನುವ ಬದಲು, ಅನ್ನ ಅಥವಾ ಚಪಾತಿ ಕಡಿಮೆ ಮಾಡಿ ಎರಡು ಹೋಳು ತಿನ್ನಲಿ.

*ಮನೆಗೆ ತಂದ ಮೇಲೆ*

1. ಸೊಪ್ಪಿನ ಕಟ್ಟು ಬಿಚ್ಚಿ, ಕೊಳೆತ ಎಲೆ ತೆಗೆದು, ತೊಳೆಯದೆ ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿಡಿ. ಎರಡು ದಿನದಲ್ಲಿ ಮುಗಿಸಿ.
2. ರೈತರಿಂದ ಕೊಂಡದ್ದೆಂದರೆ ಔಷಧ ಹೊಡೆದಿಲ್ಲ ಎಂದು ಅರ್ಥವಲ್ಲ. ಹರಿಯುವ ನೀರಿನಲ್ಲಿ ಎರಡು-ಮೂರು ಸಲ ಚೆನ್ನಾಗಿ ತೊಳೆಯಿರಿ.
3. ಮೊದಲು ತೊಳೆದು ಆಮೇಲೆ ಹೆಚ್ಚಿ. ಹೆಚ್ಚಿದ ಮೇಲೆ ತೊಳೆದರೆ ವಿಟಮಿನ್ ನೀರಿನ ಜೊತೆ ಹೋಗುತ್ತದೆ.
4. ಸೊಪ್ಪು ಬೇಯಿಸಿದ ನೀರು ಚೆಲ್ಲಬೇಡಿ. ನಮ್ಮ ಬಸ್ಸಾರು ಇದಕ್ಕೇ ಇರುವುದು: ಬಸಿದ ನೀರು ಸಾರಿಗೆ, ಸೊಪ್ಪು ಪಲ್ಯಕ್ಕೆ.
5. ಒಲೆಯಿಂದ ಇಳಿಸಿದ ಮೇಲೆ ನಿಂಬೆ ಹಿಂಡಿ. ಸೊಪ್ಪಿನ ಕಬ್ಬಿಣಾಂಶವನ್ನು ದೇಹ ಚೆನ್ನಾಗಿ ಹೀರಿಕೊಳ್ಳುತ್ತದೆ.
6. ಬಿಸಿಲಲ್ಲಿ ಹೆಚ್ಚಿಟ್ಟ ಕಲ್ಲಂಗಡಿ, ಪಪ್ಪಾಯಿ ಹೋಳು ಕೊಳ್ಳಬೇಡಿ. ಇಡೀ ಹಣ್ಣು ತಂದು ಮನೆಯಲ್ಲಿ ಹೆಚ್ಚಿ.

*ಇವರು ವೈದ್ಯರನ್ನು ಕೇಳಿ:* ಕಿಡ್ನಿ ತೊಂದರೆ ಇರುವವರಿಗೆ ಸೊಪ್ಪಿನ ಪೊಟ್ಯಾಸಿಯಂ ಹೆಚ್ಚಾಗಬಹುದು. ಕಿಡ್ನಿಯಲ್ಲಿ ಕಲ್ಲು ಇರುವವರಿಗೆ ಪಾಲಕ್, ಹರಿವೆ, ಗೋಣಿ ಸೊಪ್ಪು ಮಿತಿಯಲ್ಲಿರಬೇಕಾಗಬಹುದು. ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪಿನ ಪ್ರಮಾಣವನ್ನು ಒಮ್ಮೆಲೇ ಹೆಚ್ಚು-ಕಡಿಮೆ ಮಾಡಬಾರದು.

*ಕೊಳ್ಳುವವರಿದ್ದರೆ ಬೆಳೆಯುವವರು ಇರುತ್ತಾರೆ*

ಈರುಳ್ಳಿಯನ್ನು ತಿಂಗಳುಗಟ್ಟಲೆ ಇಡಬಹುದು. ಸೊಪ್ಪನ್ನು ಇಡಲು ಆಗುವುದಿಲ್ಲ. ಹೊತ್ತು ಏರಿದಂತೆ ಬಿಸಿಲಿಗೆ ಕಟ್ಟು ಜೋಲುತ್ತದೆ, ಆಗ ರೈತ ಹೆಣ್ಣುಮಗಳು ಸಿಕ್ಕ ಬೆಲೆಗೆ ಕೊಟ್ಟು ಎದ್ದು ಹೋಗಬೇಕು. ಹೀಗೆ ನಾಲ್ಕು ಸಲ ಆದರೆ ಮುಂದಿನ ಬೇಸಿಗೆಗೆ ಆಕೆ ಸೊಪ್ಪು ಬಿತ್ತುವುದೇ ಅನುಮಾನ. ಆಗ ನಮಗೆ ಸಿಗುವುದು ದೂರದಿಂದ ಬಂದ, ಎರಡು ದಿನದ ಸೊಪ್ಪು.

ಆದ್ದರಿಂದ ಬೇಗ ಹೋಗಿ, ಬಿಸಿಲು ಏರುವ ಮೊದಲು ಮನೆ ಸೇರಿ. ವಯಸ್ಸಾದವರು ನೀರಿನ ಬಾಟಲಿ, ಛತ್ರಿ ಮರೆಯಬೇಡಿ. ಚೀಲ ಮತ್ತು ಚಿಲ್ಲರೆ ತೆಗೆದುಕೊಂಡು ಹೋಗಿ. ಬೋರ್ಡಿನ ಬೆಲೆಗೆ ಮತ್ತೆ ಚೌಕಾಸಿ ಬೇಡ. "ಅಮ್ಮಾ, ಯಾವಾಗ ಕೊಯ್ದದ್ದು?" ಎಂದು ಅವರ ಭಾಷೆಯಲ್ಲಿ ಕೇಳಿ. ಒಬ್ಬರ ಹತ್ತಿರವೇ ಮತ್ತೆ ಮತ್ತೆ ಕೊಂಡರೆ ಪರಿಚಯ ಬೆಳೆಯುತ್ತದೆ, ಒಳ್ಳೆಯದನ್ನು ನಿಮಗಾಗಿ ಎತ್ತಿಡುತ್ತಾರೆ.

ಉಪ್ಪಿನಕಾಯಿ ಕಾಲದಲ್ಲಿ ಬಜಾರಿನಲ್ಲಿ ಮಾವಿನಕಾಯಿ ಹೆಚ್ಚಿಕೊಡುವವರಿಗೂ ಇದೇ ನಾಲ್ಕು ವಾರದ ದುಡಿಮೆ. ಮನೆಯಲ್ಲಿ ಕತ್ತಿ ಹಿಡಿದು ಕಷ್ಟಪಡುವ ಬದಲು ಅವರ ಕೈಯಲ್ಲೇ ಹೆಚ್ಚಿಸಿ.

ಬಜಾರಿಗೆ ಹೋಗಲಾಗದ ಹಿರಿಯರಿಗೆ ಬೀದಿಗೆ ಬರುವ ತಳ್ಳುಗಾಡಿಯವರೇ ಆಧಾರ. ಅವರು ಬೆಳಗಿನ ಜಾವ ಎದ್ದು ಮಂಡಿಗೆ ಹೋಗಿ ತರುತ್ತಾರೆ. "ನಾಳೆ ನಾಲ್ಕು ಕಟ್ಟು ತೋಟಕೂರ ತನ್ನಿ, ನಾನು ತೆಗೆದುಕೊಳ್ಳುತ್ತೇನೆ" ಎಂದು ಹಿಂದಿನ ದಿನವೇ ಹೇಳಿಡಿ. ಅಕ್ಕಪಕ್ಕದ ಎರಡು ಮನೆ ಸೇರಿ ಹೇಳಿದರೆ ಅವರಿಗೂ ಧೈರ್ಯ, ಸೊಪ್ಪೂ ಬಾಡುವುದಿಲ್ಲ.

ಈ ವಾರ ಒಮ್ಮೆ ಹೋಗಿ ಬನ್ನಿ. ಎರಡು ಬಗೆಯ ಸೊಪ್ಪು, ಎರಡು ಬಗೆಯ ಕಾಯಿ ತಂದರೆ ಸಾಕು, ಮೊದಲ ವಾರಕ್ಕೆ ಅಷ್ಟೇ ಒಳ್ಳೆಯ ಆರಂಭ.

ಉಪಯೋಗವೆನಿಸಿದರೆ ನಿಮ್ಮ ಊರಿನ ಕನ್ನಡ ಬಳಗಕ್ಕೂ ಕಳಿಸಿ. ನಿಮ್ಮ ಬಡಾವಣೆಯ ರೈತರ ಸಂತೆ ಯಾವ ದಿನ, ಎಲ್ಲಿ ಎಂಬುದನ್ನೂ ಜೊತೆಗೆ ಬರೆದು ಕಳಿಸಿದರೆ ಹೊಸಬರಿಗೆ ಅನುಕೂಲ. 🙏